ಸೋರದಂತೆ ಬಿಗಿದ ರಬ್ಬರ್ ಬಳೆ

ನಮ್ಮ ಯಜಮಾನರಿಗೆ ಪೀಣ್ಯದಲ್ಲಿ ಗ್ಯಾಸ್ಕೆಟ್ ಕತ್ತರಿಸುವ ಕೆಲಸ. ಎರಡು ಪೈಪು ಸೇರುವ ಕಡೆ ನೀರು ಸೋರದಂತೆ ಕೂರಿಸುವ ರಬ್ಬರ್ ಬಳೆ ಅದು. ಸೋರಿತು ಅಂದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಯ ನಲ್ಲಿ ತೊಟ್ಟಿಕ್ಕಿದರೂ ಊಟ ಬಿಟ್ಟು ಎದ್ದುಹೋಗುವ ಆಸಾಮಿ.

ಕರುಳಿನ ಗಡ್ಡೆ ತೆಗೆದಾಗ ಡಾಕ್ಟರು ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರತಂದು ಹೊಲಿದಿದ್ದರು. ಅದಕ್ಕೆ ಸ್ಟೋಮಾ ಅನ್ನುತ್ತಾರೆ. ಮಲ ಅಲ್ಲಿಂದಲೇ ಬರುತ್ತದೆ, ಸುತ್ತ ಚೀಲ ಅಂಟಿಸಿಕೊಳ್ಳಬೇಕು. ಮನೆಗೆ ಬಂದ ಮೇಲೆ ಚೀಲ ಸೋರತೊಡಗಿತು. ಚರ್ಮ ಸುಟ್ಟಂತಾಗಿ, ಅಂಗಿ ತಗುಲಿದರೂ ಹಲ್ಲು ಕಚ್ಚುತ್ತಿದ್ದರು. ಆಸ್ಪತ್ರೆಯ ನರ್ಸಮ್ಮನಿಗೆ ಫೋನ್ ಮಾಡೋಣ ಎಂದೆ.

"ಸೋರೋದು ನಿಲ್ಸೋಕೆ ನಂಗೆ ಇನ್ನೊಬ್ರು ಹೇಳ್ಕೊಡ್ಬೇಕಾ?" ಅಂದರು. ನಾನು ಫೋನ್ ಕೆಳಗಿಟ್ಟೆ.

ಮರುದಿನ ಬೆಳಿಗ್ಗೆ ಚೀಲ ಬದಲಿಸಲು ಅಂಗಿ ಎತ್ತಿದೆ. ಈ ಮಹಾರಾಯರು ನನಗೆ ಗೊತ್ತಿಲ್ಲದಂತೆ ರಬ್ಬರ್ ಬಳೆಯೊಂದನ್ನು ಕತ್ತರಿಸಿ, ಸ್ಟೋಮಾದ ಬುಡಕ್ಕೆ ಕೂರಿಸಿ, ಮೇಲೆ ಬೆಲ್ಟ್ ಬಿಗಿದಿದ್ದರು. ಕೆಂಪಗಿರಬೇಕಾದ್ದು ಊದಿಕೊಂಡು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಪ್ಪಾದರೆ ರಕ್ತ ಹೋಗುತ್ತಿಲ್ಲ ಅಂತ ಅರ್ಥ, ಮತ್ತೆ ಆಪರೇಷನ್ ಆಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇನ್ನೊಂದು ಆಪರೇಷನ್ ತಡೆಯುವ ಮೈ ಆಗಿರಲಿಲ್ಲ ಅವರದು.

ಬಳೆ ಊತದಲ್ಲಿ ಸಿಕ್ಕಿಕೊಂಡಿತ್ತು, ಎಳೆಯಲು ಧೈರ್ಯ ಬರಲಿಲ್ಲ. ಬೆಲ್ಟ್ ಬಿಚ್ಚಿ, ಆಟೋ ಹತ್ತಿಸಿದೆ. ಮೆಟ್ರೋ ಕಂಬಗಳು ಏಳುತ್ತಿದ್ದ ತುಮಕೂರು ರಸ್ತೆಯಲ್ಲಿ ಲಾರಿಗಳ ನಡುವೆ ನಿಂತೇಬಿಟ್ಟೆವು. ಬೈಯುವುದು ಬಿಟ್ಟು, ಅಂಗಿ ಎತ್ತಿ ಮತ್ತೆ ಮತ್ತೆ ಬಣ್ಣ ನೋಡಿದೆ.

ಆಸ್ಪತ್ರೆಯಲ್ಲಿ ನರ್ಸಮ್ಮ ಬಳೆಯನ್ನು ಮೆಲ್ಲಗೆ ಕತ್ತರಿಸಿ ತೆಗೆದರು. "ಇದು ಪೈಪಲ್ಲ ಅಣ್ಣ, ಊದ್ಕೊಳತ್ತೆ, ಇಳಿಯತ್ತೆ. ಆಗಾಗ ಅಳತೆ ನೋಡಿ, ಸುತ್ತ ಒಂಚೂರು ಜಾಗ ಬಿಟ್ಟು ಚೀಲದ ತೂತು ಕತ್ತರಿಸ್ಬೇಕು" ಎಂದರು.

ಡಾಕ್ಟರು ಪರೀಕ್ಷಿಸಿ, "ಕಾಯೋಣ. ಬಣ್ಣ ಬರದಿದ್ರೆ ಆಪರೇಷನ್ನೇ" ಅಂದು ಹೋದರು. ನಾನು ಸ್ಟೋಮಾವನ್ನೇ ದಿಟ್ಟಿಸುತ್ತ ಕೂತೆ. ಕಣ್ಣು ಮಿಟುಕಿಸಿದರೆ ಇನ್ನಷ್ಟು ಕಪ್ಪಾದೀತೆಂಬ ಹೆದರಿಕೆ. ಮಧ್ಯಾಹ್ನದ ಹೊತ್ತಿಗೆ ಅಂಚಿನಲ್ಲಿ ಕೆಂಪು ಕಂಡಿತು. ನನ್ನ ಕಣ್ಣನ್ನೇ ನಂಬದೆ ನರ್ಸಮ್ಮನನ್ನು ಕರೆದು ತೋರಿಸಿದೆ. ಅವರು ಡಾಕ್ಟರನ್ನು ಕರೆತಂದರು. ಆಪರೇಷನ್ ಬೇಡವೆಂದಾಯಿತು.

ಹೊಸ ಚೀಲದ ತೂತು ಕತ್ತರಿಸಲು ನರ್ಸಮ್ಮ ಕತ್ತರಿಯನ್ನು ಯಜಮಾನರ ಕೈಗೆ ಕೊಟ್ಟರು. ಅವರು ಅದನ್ನು ನನ್ನ ಕಡೆ ಚಾಚಿದರು.

"ನೀನೇ ಕತ್ತರ್ಸು ಕಣೇ. ನಂಗೆ ಭಯ ಆಗ್ತಿದೆ."

ಮದುವೆಯಾದಾಗಿನಿಂದ ಅವರ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ನನಗೂ ಭಯವಿತ್ತು. ಅದನ್ನು ಹೇಳದೆ ಕತ್ತರಿ ಇಸಿದುಕೊಂಡೆ.