ಅರ್ಧಕ್ಕೆ ಇಂಗಿಸಿದ ನೀರು

ಕೋವಿಡ್ ಕಳೆದು ತರಗತಿಗಳು ಮತ್ತೆ ತುಂಬಿದ ವರ್ಷ. ನಾನು ದೇವನಹಳ್ಳಿ ಕಡೆಯ ಕಾಲೇಜೊಂದರ ಪರಿಸರ ಆರೋಗ್ಯ ವಿಜ್ಞಾನ ಎಂ.ಎಸ್ಸಿ. ವಿಭಾಗದಲ್ಲಿ ಪ್ರಯೋಗಾಲಯದ ಮೇಲ್ವಿಚಾರಕನಾಗಿದ್ದೆ. ಅಂತಿಮ ವರ್ಷದ ಸುಮಿತ್ರಾ ತನ್ನ ಪ್ರಬಂಧಕ್ಕೆ ಆರಿಸಿಕೊಂಡದ್ದು ಜಡಿಗೇನಹಳ್ಳಿ ಹೋಬಳಿಯ ತನ್ನದೇ ಊರಿನ ಬೋರ್‌ವೆಲ್ ನೀರನ್ನು.

"ನಮ್ಮೂರ್ ನೀರು ಸಿಹಿ ಸಾರ್. ಬೇಳೆ ಬೆಣ್ಣೆ ತರ ಬೇಯ್ತದೆ. ಪಕ್ಕದೂರಿನೋರೆಲ್ಲ ಕ್ಯಾನ್ ತಗೊಂಡು ಬರ್ತಾರೆ," ಎಂದು ಮಾದರಿಯ ಬಾಟಲಿಗಳನ್ನು ಹೆಮ್ಮೆಯಿಂದಲೇ ಮೇಜಿನ ಮೇಲಿಟ್ಟಳು.

ಪರೀಕ್ಷೆಯಲ್ಲಿ ನೈಟ್ರೇಟ್ ಮಿತಿ ಮೀರಿತ್ತು. ಲೀಟರಿಗೆ 45 ಮಿಲಿಗ್ರಾಂ ನಮ್ಮ ದೇಶದಲ್ಲಿ ಒಪ್ಪಿಕೊಂಡ ಮಿತಿ. ಹೊಲದ ಯೂರಿಯಾದಿಂದ, ಶೌಚದ ಗುಂಡಿಗಳಿಂದ ಅಂತರ್ಜಲಕ್ಕೆ ಇಳಿಯುವ ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇಂಥ ನೀರಿನಲ್ಲಿ ಪುಡಿಹಾಲು ಕಲಸಿ ಕುಡಿಸಿದರೆ ಎಳೆಗೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ತುಟಿ, ಉಗುರು ನೀಲಿಗಟ್ಟುತ್ತವೆ.

ಸುಮಿತ್ರಾ ಮನೆಯಲ್ಲಿ ಅಣ್ಣನ ಎಳೆಗೂಸಿತ್ತು. ಅತ್ತಿಗೆಗೆ ಹಾಲು ಸಾಲದೆ ಪುಡಿಹಾಲಿನ ಬಾಟಲಿ ಹಿಡಿಸಿದ್ದರು.

ಅವಳನ್ನು ಕರೆದುಕೊಂಡು ವಿಭಾಗದ ಮುಖ್ಯಸ್ಥರ ಬಳಿ ಹೋದೆ. ಅವರು ವರದಿ ಓದಿ ಮಡಚಿಟ್ಟರು. "ವೈವಾ ಮುಗಿಯೋವರೆಗೂ ಇದು ಹೊರಗೆ ಹೋಗಬಾರದು. ಊರಲ್ಲಿ ಗಲಾಟೆ ಆದ್ರೆ ನಿನ್ನ ಪ್ರಬಂಧಕ್ಕೆ ಕುತ್ತು."

"ಮನೆಯಲ್ಲಿ ಮಗು ಇದೆ ಸರ್," ಎಂದೆ.

"ಮನೆಯೋರಿಗೆ ಸೂಕ್ಷ್ಮವಾಗಿ ಹೇಳ್ಲಿ. ನೈಟ್ರೇಟ್ ಗೀಟ್ರೇಟ್ ಅನ್ನೋದು ಬೇಡ."

ಅವಳು ಹಾಗೆಯೇ ಹೇಳಿದಳು. ತಾಯಿ ಜಯಮ್ಮನಿಗೆ ಫೋನ್ ಮಾಡಿ, "ಬೋರ್ ನೀರು ಸರಿಯಿಲ್ಲಮ್ಮ, ಮಗೂಗೆ ಅಂಗಡಿ ಕ್ಯಾನ್ ನೀರು ತರಿಸು" ಎಂದಳು. ಅತ್ತ ಕಡೆಯ ನಗು ನನಗೂ ಕೇಳಿಸಿತು. "ಎಲ್ಡಕ್ಷರ ಓದಿದ್ಮೇಲೆ ನಮ್ಮೂರ್ ನೀರೂ ಹೊಲಸಾಯ್ತೇನೆ ನಿಂಗೆ? ಆಯ್ತು ಬಿಡು, ನಾನು ನೋಡ್ಕೋತೀನಿ."

ಜಯಮ್ಮ ನಿಜಕ್ಕೂ ನೋಡಿಕೊಂಡರು. ಕ್ಯಾನ್ ನೀರು ತರಿಸಲಿಲ್ಲ, ಆದರೆ ಮಗಳ ಮಾತನ್ನು ಅವರು ತಳ್ಳಿಹಾಕಲೂ ಇಲ್ಲ. ನೀರು ಸರಿಯಿಲ್ಲ ಎಂದರೆ ನೀರಿನಲ್ಲಿ ಹುಳ ಇದೆ ಎಂದು ಅರ್ಥ. ಹುಳ ಸಾಯಬೇಕಾದರೆ ಕಾಯಿಸಬೇಕು. ಅಂಗನವಾಡಿಯಲ್ಲಿ, ಆಸ್ಪತ್ರೆಯಲ್ಲಿ ಅವರು ಕೇಳುತ್ತ ಬಂದದ್ದು ಇದನ್ನೇ. ಮೊದಲು ಒಂದು ಕುದಿ ಬಂದರೆ ಇಳಿಸುತ್ತಿದ್ದವರು ಈಗ ಅರ್ಧಕ್ಕೆ ಇಂಗುವವರೆಗೂ ಕುದಿಸತೊಡಗಿದರು. ಕುದಿದಾಗ ಆವಿಯಾಗುವುದು ನೀರು ಮಾತ್ರ. ನೈಟ್ರೇಟ್ ಅಷ್ಟೂ ಪಾತ್ರೆಯಲ್ಲೇ ಉಳಿಯುತ್ತದೆ, ಇನ್ನಷ್ಟು ಗಾಢವಾಗಿ.

ಕೆಲವು ದಿನಗಳಲ್ಲಿ ಮಗುವಿನ ತುಟಿ ನೀಲಿಗಟ್ಟಿತು. ಬೆಂಗಳೂರಿಗೆ ಕರೆದೊಯ್ಯುವ ದಾರಿಯಲ್ಲೇ ತೀರಿಕೊಂಡಿತು. ಹುಟ್ಟಿನಿಂದಲೇ ಹೃದಯದ ತೊಂದರೆ ಇದ್ದಿರಬೇಕು ಎಂದರು ಆಸ್ಪತ್ರೆಯವರು. ರಕ್ತ ಪರೀಕ್ಷೆ ಆಗಲಿಲ್ಲ. ನೀರೇ ಕಾರಣ ಎಂದು ನಾನು ಇಂದಿಗೂ ಖಚಿತವಾಗಿ ಬರೆಯಲಾರೆ.

ಸುಮಿತ್ರಾ ಬರೆದಿದ್ದಳು, ಪ್ರಬಂಧದ ಕೊನೆಯಲ್ಲಿ, ಮಗುವಿನ ಸಾವಿನ ಬಗ್ಗೆ ಒಂದು ಪ್ಯಾರಾ. ವೈವಾದಲ್ಲಿ ಹೊರಗಿನ ಪರೀಕ್ಷಕರು ಅಲ್ಲಿಗೆ ಬಂದು ನಿಂತರು.

"ಬ್ಲಡ್ ರಿಪೋರ್ಟ್ ಇದೆಯೇನಮ್ಮಾ?"

"ಇಲ್ಲ ಸರ್."

"ಹಾಗಾದ್ರೆ ತೆಗೆದುಬಿಡಿ. ಇದು ಸೈನ್ಸು."

ನಿಯಮದ ಪ್ರಕಾರ ಅವರ ಮಾತು ಸರಿ. ಅವಳು ಅಲ್ಲೇ ಪೆನ್ನು ತೆಗೆದು ಪ್ಯಾರಾ ಹೊಡೆದುಹಾಕಿದಳು. ಡಿಸ್ಟಿಂಕ್ಷನ್ ಬಂತು. ಮುಖ್ಯಸ್ಥರು ಎಲ್ಲರಿಗೂ ಮೈಸೂರು ಪಾಕ್ ಹಂಚಿಸಿದರು.

ಆಮೇಲೆ ವರದಿಯನ್ನು ಪಂಚಾಯಿತಿಗೆ ಕೊಡಲು ಅವಳ ಜೊತೆ ಊರಿಗೆ ಹೋದೆ. ಸದಸ್ಯರೊಬ್ಬರು ಓದದೆಯೇ ಮೇಜಿನ ಡ್ರಾಯರ್‌ಗೆ ಹಾಕಿ, "ಡಿಗ್ರಿ ಬಂತಲ್ಲ, ಇನ್ಯಾಕವ್ವ ಊರ್ ಮರ್ಯಾದೆ ತೆಗೀತೀಯ?" ಎಂದರು. ಅಲ್ಲಿಂದ ಸುಮಿತ್ರಾ ಮನೆಗೆ ಹೋದಾಗ ಜಯಮ್ಮ ಕಾಫಿ ತಂದುಕೊಟ್ಟು, ಮಗಳು ಒಳಗೆ ಹೋಗುವುದನ್ನೇ ಕಾದಿದ್ದು ಕೇಳಿದರು: "ಸಾರ್, ನೀವು ಓದಿದೋರು. ನಾನು ಇನ್ನೊಂಚೂರು ಕಾಯಿಸ್ಬೇಕಾಗಿತ್ತಾ?"

"ಇಲ್ಲಮ್ಮ," ಎಂದಷ್ಟೇ ಹೇಳಿದೆ.

ಅರ್ಧ ಹೇಳಿದ ಎಚ್ಚರಿಕೆಯನ್ನು ಜನ ಕಡೆಗಣಿಸುತ್ತಾರೆ ಎಂದು ನಾವು ಪಾಠ ಮಾಡುತ್ತೇವೆ. ಈ ಕೆಲಸ ನನಗೆ ಕಲಿಸಿದ್ದು ಬೇರೆ. ಅವರು ಅದನ್ನು ನಂಬುತ್ತಾರೆ. ನಂಬಿ, ತಮಗೆ ಗೊತ್ತಿರುವ ಒಳ್ಳೆಯದನ್ನೇ ಇನ್ನಷ್ಟು ಶ್ರದ್ಧೆಯಿಂದ ಮಾಡುತ್ತಾರೆ.