ಎರಡು ಸೆಕೆಂಡಿನ ಕರಕರ

ಸಾನಪಾಡಾದ ಹೋಟೆಲಿನ ಪುಂಡರೀಕಾಕ್ಷ ಭಟ್ಟರ ಕಾರು ಬೆಳಿಗ್ಗೆ ತಣ್ಣಗಿರುವಾಗ ಚಾಲೂ ಮಾಡಿದರೆ ಎರಡೇ ಸೆಕೆಂಡು ಕರಕರ ಎನ್ನುತ್ತದೆ, ಬಿಸಿಯಾದ ಮೇಲೆ ಕಳ್ಳನ ಹಾಗೆ ಬಾಯಿ ಮುಚ್ಚುತ್ತದೆ. ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ ಸಾವಂತ, "ಆವಾಜ್ ಕಿಧರ್ ಹೈ, ಕಾಕಾ? ಸದ್ದೇ ಇಲ್ಲವಲ್ಲ" ಎಂದು ನಗುತ್ತಾನೆ. ಹೆಂಡತಿ ವನಮಾಲಾ, "ಕಾರು ಬಿಟ್ಟು ನಿಮ್ಮ ಕಿವಿಯನ್ನು ಸರ್ವಿಸಿಗೆ ಕೊಡಿ ಮಾರಾಯ್ರೆ" ಎನ್ನುತ್ತಾರೆ. ಭಟ್ಟರು ಬಿಡುವ ಆಸಾಮಿಯಲ್ಲ; ಕುದಿಯುವ ಸದ್ದು ಕೇಳಿಯೇ ಸಾಂಬಾರಿಗೆ ಉಪ್ಪು ಕಡಿಮೆ ಎನ್ನುವವರು. ಇಂಜಿನ್ ಬಿಸಿಯಾಗದಿರಲೆಂದು ಒಂದು ಭಾನುವಾರ ಇಡೀ ಹೌಸಿಂಗ್ ಸೊಸೈಟಿಯವರಿಂದ ಕಾರನ್ನು ಗ್ಯಾರೇಜಿನವರೆಗೆ ತಳ್ಳಿಸಿದರು. ಸ್ಟೇರಿಂಗ್ ಹಿಡಿದಿದ್ದ ವಾಚ್‌ಮನ್, ಪಾಪ ಇಷ್ಟು ಜನ ಬೆವರುತ್ತಿದ್ದಾರಲ್ಲ ಎಂದು ಅರ್ಧ ದಾರಿಯಲ್ಲಿ ಚಾವಿ ತಿರುಗಿಸಿ ಇಂಜಿನ್ ಚಾಲೂ ಮಾಡಿಬಿಟ್ಟ. ಅವನಿಗೆ ಬಿದ್ದ ಬೈಗುಳ ಪಕ್ಕದ ವಾಶಿಯವರೆಗೂ ಕೇಳಿಸಿರಬೇಕು. ಮರುದಿನದಿಂದ ಬಾನೆಟ್ಟಿಗೆ ಒದ್ದೆ ಗೋಣಿ ಹೊದಿಸಿ, ಹತ್ತಿರ ಸುಳಿದವರಿಗೆಲ್ಲ "ಮೆಲ್ಲಗೆ, ಮಲಗಿದೆ" ಎನ್ನತೊಡಗಿದರು. ಕೊನೆಗೆ ನೀರುದೋಸೆಯ ಆಸೆ ತೋರಿಸಿ ಸಾವಂತನನ್ನೇ ಬೆಳಿಗ್ಗೆ ಆರಕ್ಕೆ ಮನೆಗೆ ಕರೆಸಿದರು. ಅವನು ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ನಿಂತ. ಭಟ್ಟರು ಚಾಲೂ ಮಾಡಿದರು. ಕರಕರ. ಸಾವಂತನ ನಗು ನಿಂತಿತು. "ಟೈಮಿಂಗ್ ಚೈನ್ ಢೀಲಾ ಹೈ, ಕಾಕಾ. ಹೀಗೇ ಸಡಿಲಾಗುತ್ತಾ ಹೋಗಿ ತುಂಡಾಗಿದ್ದರೆ ಇಂಜಿನ್ನೇ ಖತಂ. ನಿಮ್ಮ ಕಿವಿ ಬರೋಬರ್ ಇದೆ." ಗೆದ್ದ ಭಟ್ಟರು ಕುಣಿಯಬೇಕಿತ್ತು. ಅವರು ಕಾರಿನಿಂದ ಇಳಿಯಲೇ ಇಲ್ಲ. ವನಮಾಲಾ ಬಂದು ಪಕ್ಕದ ಸೀಟಿನಲ್ಲಿ ಕೂತರು. ಎರಡು ವರ್ಷದ ಹಿಂದೆ, ತಮ್ಮ ಅಮ್ಮ ತೀರಿಕೊಳ್ಳುವ ಮೊದಲು, ಅವರ ಉಸಿರಾಟದಲ್ಲಿ ಏನೋ ಸದ್ದಿದೆ ಎಂದು ಇದೇ ಭಟ್ಟರು ಹೇಳಿದ್ದರು. ಬೇರೆ ಯಾರಿಗೂ ಕೇಳಿಸಿರಲಿಲ್ಲ. ಎಲ್ಲರೂ ನಕ್ಕರೆಂದು ಆ ಸಲ ಅವರು ಸುಮ್ಮನಾಗಿದ್ದರು.