ಕಡಿಮೆ ಸವಾಲಿಗೆ ಮೂರನೇ ಸಾರಿ

ಗಂಜಿ ಹಾಕಿ ಇಸ್ತ್ರಿ ಮಾಡಿದ ಇಳಕಲ್ ಸೀರೆ, ಕಾಲಲ್ಲಿ ಗಂಡಸರು ಮೆಟ್ಟುವಂಥ ದಪ್ಪ ತೊಗಲಿನ ಚಪ್ಪಲಿ. ಆ ಚಪ್ಪಲಿಯ ಕಿರ್ರ್ ಕಿರ್ರ್ ಸದ್ದು ಓಣಿಯ ತಿರುವಿನಲ್ಲಿ ಕೇಳಿದರೆ ಸಾಕು, ಕಟ್ಟೆಯ ಮೇಲೆ ಹರಟೆ ಹೊಡೆಯುತ್ತಿದ್ದವರು ಎದ್ದು ನಿಲ್ಲುತ್ತಿದ್ದರು. ಅಫಜಲಪುರದಲ್ಲಿ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಳ್ಳದವರು ಕಡಿಮೆ. ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ಅವರು ನಿವೃತ್ತರಾದ ಮೇಲೂ ಇಡೀ ಊರಿಗೆ ಅಕ್ಕೋರೇ. ಮದುವೆ ಕಾರ್ಡು ಕೊಡಲು ಬಂದವರ ಮುಂದೆಯೇ ಕೆಂಪು ಪೆನ್ನು ತೆಗೆದು ತಪ್ಪು ತಿದ್ದುತ್ತಿದ್ದರು. ಆಮೇಲೆ ತಪ್ಪದೆ ಮದುವೆಗೂ ಹೋಗಿ ಎರಡು ಹೋಳಿಗೆ ಹೆಚ್ಚಿಗೆ ತಿಂದು ಬರುತ್ತಿದ್ದರು.

ವ್ಯಾಪಾರಸ್ಥರಾಗಿದ್ದ ಅವರ ಮಾವ ಬಡಮಕ್ಕಳ ಓದಿಗೆಂದು ಒಂದು ಟ್ರಸ್ಟ್ ಮಾಡಿ, ಕರಜಗಿಯ ಹತ್ತಿರದ ನೀರಾವರಿ ಹೊಲವನ್ನು ಅದರ ಹೆಸರಿಗೆ ಬರೆದಿಟ್ಟಿದ್ದರು. ಮಾವನ ನಂತರ ಟ್ರಸ್ಟ್ ನಡೆಸುತ್ತಿದ್ದವರು ಅಕ್ಕೋರು. ಪ್ರತಿ ಯುಗಾದಿಗೆ ಹೊಲ ಲಿಲಾವಿಗೆ, ಅಂದರೆ ಹರಾಜಿಗೆ, ಬರುತ್ತಿತ್ತು. ಹೆಚ್ಚು ಸವಾಲು ಕೂಗಿದವನಿಗೆ ಒಂದು ವರ್ಷದ ಲಾವಣಿ, ಅಂದರೆ ಗುತ್ತಿಗೆ. ಆ ಹಣದಲ್ಲಿ ಮಕ್ಕಳ ಫೀ. ಪಿಯುಸಿಯಿಂದ ನಾನು ಓದಿದ್ದು ಆ ಹಣದಲ್ಲೇ.

ಒಂದು ವರ್ಷ ಚೆಕ್ ಕೊಡುವ ಕಾರ್ಯಕ್ರಮದಲ್ಲಿ ಅಕ್ಕೋರು ನನ್ನನ್ನು ಕೇಳಿದರು: "ಅವ್ವ ಎಲ್ಲಿ ಬೇ? ಮಗಳ ಸನ್ಮಾನ ನೋಡಾಕ ಬರಬಾರದೇನು?"

"ನಿಮ್ಮ ಹೊಲದಾಗ ಕಸ ತಗಿಯಾಕ ಹೋಗ್ಯಾಳ್ರಿ. ಬಿಟ್ರ ಕೂಲಿ ಹೋಗ್ತದ."

ಅವರ ಮುಖ ಸಣ್ಣದಾಯಿತು. ಮರುದಿನವೇ ಬಸ್ಸು ಹತ್ತಿ ಕರಜಗಿಗೆ ಬಂದರು. ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು, ಸೆರಗು ಸಿಕ್ಕಿಸಿ, ಅವ್ವನ ಪಕ್ಕದ ಸಾಲಿನಲ್ಲಿ ಕೂತು ಮಧ್ಯಾಹ್ನದವರೆಗೆ ಕಸ ಕಿತ್ತರು. ಕಸದ ಜೊತೆ ಒಂದಷ್ಟು ಬೆಳೆಯನ್ನೂ ಕಿತ್ತರೆಂದು ಅವ್ವ ಇವತ್ತಿಗೂ ನಗುತ್ತಾಳೆ. ಗಂಡಾಳಿಗೆ ಸಿಗುವುದರ ಅರ್ಧ ಹೆಣ್ಣಾಳಿಗೆ ಎಂಬುದು ಅವರಿಗೆ ತಿಳಿದದ್ದು ಅಲ್ಲಿ.

ಮುಂದಿನ ಯುಗಾದಿಯ ಲಿಲಾವಿಗೆ ನಾನೂ ಅವ್ವನ ಜೊತೆ ಹೋಗಿ ಹಿಂದೆ ನಿಂತಿದ್ದೆ. ಹಿಂದಿನ ವರ್ಷ ಹೊಲ ಮಾಡಿದ್ದ ಸಾವುಕಾರನೇ ಎಲ್ಲರಿಗಿಂತ ಹೆಚ್ಚು ಕೂಗಿದ. ಅಕ್ಕೋರು "ಒಂದನೇ ಸಾರಿ, ಎರಡನೇ ಸಾರಿ" ಎಂದು ಅಲ್ಲಿಗೇ ನಿಂತುಬಿಟ್ಟರು.

"ಹೆಣ್ಣಾಳಿಗಿ ಕೂಲಿ ಎಷ್ಟು ಕೊಡ್ತೀರಿ?"

"ಅದು ನಮ್ ವ್ಯವಹಾರರೀ ಅಕ್ಕೋರೇ. ನಿಮಗ್ಯಾಕ?"

"ಹೊಲ ನಮ್ದು. ಅದರಾಗ ನಡಿಯೂದೂ ನಮ್ದೇ." ಹೀಗೆಂದು ಹಿಂದೆ ನಿಂತಿದ್ದ ಹೆಂಗಸರ ಕಡೆ ತಿರುಗಿದರು. "ನೀವೆಷ್ಟು ಕೂಗ್ತೀರಿ ಬೇ?"

ಅವ್ವ ನನ್ನ ಕೈ ಹಿಡಿದುಕೊಂಡಳು. "ಅವರು ಹೇಳಿದ್ರಾಗ ಅರ್ಧ ಕೊಡ್ತೇವ್ರಿ. ನಾವ್ ಆರು ಮಂದಿ ಕೂಡಿ ಮಾಡ್ತೇವ್ರಿ."

ನೆರೆದ ಮಂದಿ ಹೋ ಎಂದು ನಕ್ಕರು. ಅಕ್ಕೋರು ನಗಲಿಲ್ಲ. ಒಂದನೇ ಸಾರಿ, ಎರಡನೇ ಸಾರಿ, ಮೂರನೇ ಸಾರಿ ಎಂದು ಅವ್ವನ ಸವಾಲಿಗೇ ಲಿಲಾವು ಮುಗಿಸಿಬಿಟ್ಟರು.

ಟ್ರಸ್ಟಿನಲ್ಲಿ ಇನ್ನೊಬ್ಬ ಸದಸ್ಯರಾಗಿದ್ದ ಅವರ ಮೈದುನ ಸಿಟ್ಟಿನಿಂದ ಎದ್ದರು. "ವೈನಿ, ಮಕ್ಕಳ ಫೀ ಎಲ್ಲಿಂದ ತರ್ತೀರಿ?"

"ಅವ್ವಗ ಅರ್ಧ ಕೂಲಿ ಕೊಟ್ಟು, ಉಳದಿದ್ರಾಗ ಮಗಳಿಗಿ ಫೀ ಕೊಡೂದು. ಮ್ಯಾಲ ಚಪ್ಪಾಳಿ ಬ್ಯಾರೆ ಹೊಡಿಸ್ಕೊಳ್ಳೂದು. ಇದೆಂಥ ಧರ್ಮ ರೀ?"

ಕೇಳುವಾಗ ನನ್ನ ಮೈ ಜುಮ್ಮೆಂದಿತು. ಆದರೆ ಜೂನ್ ಬಂತು, ಮೈದುನರ ಪ್ರಶ್ನೆ ನನ್ನ ಕೊರಳಿಗೇ ಬಿತ್ತು. ಟ್ರಸ್ಟಿಗೆ ಬರುವ ಹಣ ಅರ್ಧವಾಗಿತ್ತು. ಅಕ್ಕೋರು ತಮ್ಮ ಪೆನ್ಶನ್ ಸೇರಿಸಿ ಉಳಿದ ಮಕ್ಕಳ ಫೀ ಕಟ್ಟಿದರು. ನನ್ನದೊಂದು ಬಿಟ್ಟರು. ಕಲಬುರಗಿಯಲ್ಲಿ ನನ್ನ ಡಿಗ್ರಿಯ ಕೊನೆಯ ವರ್ಷ ಅದು. ನಾನು ಅವರ ಮನೆಗೆ ಹೋಗಿ ಬಾಯಿಗೆ ಬಂದಂತೆ ಮಾತಾಡಿದೆ. ಅವರು ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ ತಂದಿಟ್ಟು, ನನ್ನ ಮಾತು ಮುಗಿದ ಮೇಲೆ ಹೇಳಿದರು:

"ನಿಮ್ಮವ್ವಗ ಹೊಲ ಬಂದದ. ನಿನಗ ಫೀನೂ ಕೊಟ್ರ, ಹೊಲಾನೂ ಇಲ್ದವರ ಮಕ್ಕಳಿಗಿ ಏನ್ ಕೊಡ್ಲಿ? ಒಂದ್ ವರ್ಷ ತಡಿ. ನಿಮ್ಮವ್ವನೇ ಕಟ್ತಾಳ."

"ಬೆಳಿ ಬರದಿದ್ರ?"

"ಬರದಿದ್ರ ನಾ ತಪ್ಪು ಮಾಡೀನಿ ಅಂತ ನಿನ್ ಮುಂದ ಒಪ್ಕೋತೀನಿ. ಆದ್ರ ನಿನ್ ವರ್ಷ ವಾಪಸ್ ಕೊಡಾಕ ನನ್ ಕೈಲಿ ಆಗಂಗಿಲ್ಲ."

ಸುಳ್ಳು ಸಮಾಧಾನ ಹೇಳುವ ಜಾತಿಯವರಲ್ಲ ಅವರು. ರೊಟ್ಟಿ ಮುಟ್ಟದೆ ಎದ್ದು ಬಂದೆ. ಆ ವರ್ಷ ಕಾಲೇಜು ಬಿಟ್ಟು ಅವ್ವನ ಜೊತೆ ಹೊಲದಲ್ಲಿ ದುಡಿದೆ. ಉಳ್ಳಾಗಡ್ಡಿ ಹಾಕಿದೆವು, ತೊಗರಿ ಹಾಕಿದೆವು. ಪ್ರತಿ ಭಾನುವಾರ ಅಕ್ಕೋರು ಬರುತ್ತಿದ್ದರು. ಬದುವಿನ ಮೇಲೆ ಕೂರಿಸಿ ನನಗೆ ಪಾಠ ಹೇಳುತ್ತಿದ್ದರು. ಮೊದಲ ನಾಲ್ಕು ಭಾನುವಾರ ನಾನು ಮುಖ ತಿರುಗಿಸಿಕೊಂಡೇ ಕೇಳಿದೆ. ಐದನೆಯದಕ್ಕೆ ಅವರು ಬರಲಿಲ್ಲ, ಜ್ವರವಂತೆ. ಆ ದಿನ ಮೂರು ಸಲ ಬಸ್ಸಿನ ದಾರಿ ನೋಡಿದೆ.

ಮರುವರ್ಷ ಅವ್ವ ನನ್ನ ಜೊತೆ ಕಲಬುರಗಿಗೆ ಬಂದು ತಾನೇ ಫೀ ಕಟ್ಟಿದಳು. ಈಗ ನಾನು ನೆಲೋಗಿಯಲ್ಲಿ ಶಿಕ್ಷಕಿ. ನಡುವೆ ಹೋದ ಆ ಒಂದು ವರ್ಷದ ಸಿಟ್ಟು ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಆದರೆ ಅಕ್ಕೋರನ್ನು ನೆನೆಯುವಷ್ಟು ಪ್ರೀತಿಯಿಂದ ನಾನು ನೆನೆಯುವ ಇನ್ನೊಬ್ಬರೂ ಇಲ್ಲ.

ಕಳೆದ ವರ್ಷ ಅಕ್ಕೋರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಬಂದವರೆಲ್ಲ ಅವರನ್ನು ಮಹಾದಾನಿ ಎಂದು ಹೊಗಳಿದರು. ಯಾರೂ ಕರೆಯದಿದ್ದರೂ ಅವ್ವ ಎದ್ದು ಹೋಗಿ ಮೈಕು ಹಿಡಿದಳು.

"ಅಕ್ಕೋರು ನನಗ ಏನೂ ದಾನ ಮಾಡಿಲ್ರಿ. ಹೊಲ ಲಾವಣಿಗಿ ಕೊಟ್ರು, ವರ್ಷಾ ವರ್ಷಾ ಲಾವಣಿ ರೊಕ್ಕ ಇಸ್ಕೊಂಡ್ರು. ಅವರ ಮನಿಗಿ ಹೋದ್ರ ಖುರ್ಚಿ ಮ್ಯಾಲ ಕುಂತು ಚಾ ಕುಡದು ಬರ್ತಿದ್ದೆ. ಒಂದಿನಾನೂ ಕೈ ಒಡ್ಡಿ ನಿಂದ್ರಾಕ ಬಿಡ್ಲಿಲ್ರಿ ಅವರು."

ಅವಳ ನಂತರ ಮಾತಾಡಬೇಕಾದವಳು ನಾನು. ಬರೆದುಕೊಂಡು ಹೋಗಿದ್ದ ಚೀಟಿಯನ್ನು ಮಡಿಚಿ ಕೂತಲ್ಲೇ ಕೂತೆ.